ಅಳಿಸಿಹೋದ ನಲವತ್ತೊಂದು ಮನೆಗಳು

ಮೂರುಕೋಟೆ ಸಂಸ್ಥಾನದ ಕಡತಗಳನ್ನು ಏಳು ತಲೆಮಾರಿನಿಂದ ಕಾಯುತ್ತ ಬಂದದ್ದು ನಮ್ಮ ಮನೆತನ. ನನ್ನ ಮುತ್ತಜ್ಜ ಉರಿಯುವ ಕಚೇರಿಯಿಂದ ಓಲೆಗರಿಗಳನ್ನು ಹೊತ್ತು ತಂದು ಎರಡೂ ಕೈ ಸುಟ್ಟುಕೊಂಡವರು. ನನ್ನ ತಂದೆ ಒಂದು ಅಕ್ಷರ ತಿದ್ದಬೇಕಾದರೂ ಇಬ್ಬರು ಸಾಕ್ಷಿಗಳನ್ನು ಕರೆಸುತ್ತಿದ್ದರು. ನನ್ನನ್ನು ಅವರು ಕಾನ್ವೆಂಟಿನಲ್ಲಿ ಓದಿಸಿದರು. ಅಂಚಿನ ಗೆರೆ ದಾಟಿ ಬರೆದರೆ ಸಿಸ್ಟರುಗಳು ಇಡೀ ಪುಟವನ್ನೇ ಮತ್ತೆ ಬರೆಸುತ್ತಿದ್ದರು. ಕಡತಗಳು ಕಂಪ್ಯೂಟರಿಗೆ ಏರಿದ ಮೇಲೂ ನಾನು ಗೆರೆ ದಾಟಿಲ್ಲ. ಇಂಥ ಮನೆಯ ಕಮಲಾಕ್ಷಮ್ಮಣ್ಣಿಯಾದ ನನ್ನ ಹೆಸರೆತ್ತಿ ಮಹಾರಾಜರು ಬೀದಿಬೀದಿಯಲ್ಲಿ ಡಂಗುರ ಹೊಡೆಸಿದರು.

“ಕೇಳಿರಪ್ಪೋ ಕೇಳಿ! ಕುಂಬಾರಗೇರಿಯ ನಲವತ್ತೊಂದು ಮನೆಗಳ ಹೆಸರು ನಿವಾಸಿಗಳ ಪಟ್ಟಿಯಿಂದ ಮತ್ತೆ ಮತ್ತೆ ಅಳಿಸಿಹೋಗುತ್ತಿದೆ. ಅಳಿಸಿದವರು ಕಡತದ ಅಮ್ಮಣ್ಣಿ ಎಂದು ದಿವಾನರ ದೂರು. ಮಹಾರಾಜರ ಮೂರು ಒಗಟು ಬಿಡಿಸಿ ಬೇರೆ ಕಾರಣ ರುಜು ಮಾಡಿದವರಿಗೆ ಸರ್ವರ್ ಕೋಣೆಯ ಅಧಿಕಾರ. ತಪ್ಪು ಹೇಳಿದವರ ತಲೆ ಉಳಿಯದು. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ ಅಮ್ಮಣ್ಣಿ ಗಡೀಪಾರು, ಕುಂಬಾರಗೇರಿ ತೆರವು!”

ನಮ್ಮ ಸಂಸ್ಥಾನದಲ್ಲಿ ಒಂದು ಕೋಟೆಯಲ್ಲಿ ಬರೆದದ್ದು ಅರಮನೆಯ ಸರ್ವರ್ ಮೂಲಕ ಉಳಿದೆರಡು ಕೋಟೆಗಳಿಗೂ ತಾನಾಗಿ ತಲುಪುತ್ತದೆ. ಎರಡು ಪ್ರತಿಗಳು ಬೇರೆಬೇರೆಯಾಗಿದ್ದರೆ, ಯಾವುದರ ಸಮಯ ಈಚಿನದೋ ಅದು ಉಳಿದು ಇನ್ನೊಂದು ಹೋಗುತ್ತದೆ. ನಾನು ನಲವತ್ತೊಂದು ಹೆಸರು ಸೇರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವು ಮಾಯ. ಹನ್ನೊಂದು ಸಲ ಹೀಗಾಯಿತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಸಭೆ ಸೇರಿತು. ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದರು. ಕುರ್ಚಿ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮಹಾರಾಜರು ಮೊದಲ ಒಗಟು ಹೇಳಿದರು. “ಒಬ್ಬನೇ ಮೂರು ಕೋಟೆಗಳಲ್ಲಿ ಬದುಕಿದ್ದಾನೆ. ಒಂದು ಕಡೆ ಕೊಂದರೆ ಮೂರು ಕಡೆಯೂ ಸಾಯುತ್ತಾನೆ. ಯಾರವನು?”

ರೇಷ್ಮೆ ಪೇಟದ ಯಂತ್ರಪಂಡಿತ ಕೈಮುಗಿದ. “ಪ್ರಭುಗಳ ಕೀರ್ತಿ!”

“ನಮ್ಮ ಕೀರ್ತಿ ಸಾಯುತ್ತದೆ ಅನ್ನುತ್ತೀಯಾ? ಎಳೆದೊಯ್ಯಿರಿ.”

ಎರಡನೆಯ ಪಂಡಿತ, “ವೈರಸ್, ಪ್ರಭು. ಎಲ್ಲದಕ್ಕೂ ಅದೇ ಕಾರಣ” ಎಂದ. ಅವನೂ ಸೆರೆಮನೆಗೆ ಹೋದ. ಮಿಕ್ಕ ಪಂಡಿತರು ಕಂಬಗಳ ಹಿಂದೆ ಸರಿದರು. ದಿವಾನ್ ಸುಬ್ಬನರಸಯ್ಯ ಮೀಸೆಯಡಿಯಲ್ಲಿ ನಕ್ಕದ್ದನ್ನು ನಾನು ಕಂಡೆ.

ಆಗ ಹಿಂದಿನಿಂದ ಜವರ ಮುಂದೆ ಬಂದ. ಮೂರು ಕೋಟೆಗಳ ಕಂಪ್ಯೂಟರುಗಳ ಧೂಳು ತೆಗೆಯುವವನು. ಕುಂಬಾರಗೇರಿಯವನೇ.

“ಏನೋ, ತಲೆ ಭಾರವಾಯಿತೇ?” ಎಂದೆ.

“ಮನೆಯೇ ಹೋದಮೇಲೆ ತಲೆ ಎಲ್ಲಿಟ್ಟು ಮಲಗಲಿ, ಅಮ್ಮಾವ್ರೇ?”

“ಹಾಗಾದರೆ ಮೊದಲು ಅಂಗಿಯ ಗುಂಡಿ ಹಾಕಿಕೋ.”

ಹಾಕಿಕೊಂಡು ಮಹಾರಾಜರ ಕಡೆ ತಿರುಗಿದ. “ಅವನು ಸರ್ವರಿನ ಕಡತ, ಸ್ವಾಮಿ. ಒಂದು ಕೋಟೇಲಿ ಅಳಿಸಿದರೆ ಉಳಿದ ಕಡೇನೂ ಅಳಿಸಿಹೋಗುತ್ತೆ. ಮೂರು ಪ್ರತಿ ಇದೆ ಅಂತ ನಿಶ್ಚಿಂತೆಯಾಗಿ ಕೂರಬಾರದು, ಹಳೇ ಪ್ರತಿ ಬೇರೆ ತೆಗೆದಿಡಬೇಕು. ಅಮ್ಮಾವ್ರು ದಿನಾ ಸಂಜೆ ತೆಗೆದಿಡ್ತಾರೆ.” ಅಳಿಸುವ ಉದ್ದೇಶವಿದ್ದವಳು ಪ್ರತಿ ತೆಗೆದಿಡುತ್ತಾಳೆಯೇ? ಇದನ್ನು ಸಭೆಯಲ್ಲಿ ಯಾರೂ ಕೇಳಲಿಲ್ಲ.

“ಎರಡನೆಯದು” ಎಂದರು ಮಹಾರಾಜರು. “ಬಾಗಿಲು ತೆರೆದಿದ್ದರೆ ದೂತ ಒಳಗೆ ಬರಲಾರ. ಮುಚ್ಚಿದರೆ ಬರುತ್ತಾನೆ.”

“ಯಾರೋ ತೆರೆದಿಟ್ಟ ಕಡತ, ಸ್ವಾಮಿ. ತೆರೆದಿರೋವರೆಗೂ ಹೊಸ ಪ್ರತಿ ಅಲ್ಲಿ ಸೇರಲ್ಲ. ಬೇಟೆ ಕಾಡಿನ ಪಟ್ಟಿಗೆ ಒಂದು ವಾರದಿಂದ ಹಾಗೇ ಆಗಿದೆ.”

“ತೆರೆದಿಟ್ಟವರು ಯಾರು?”

“ಹೇಳಿದರೆ ತಲೆ ಹೋಗುತ್ತೆ.”

“ಹೇಳದಿದ್ದರೂ ಹೋಗುತ್ತದೆ.”

“ಹಾಗಾದರೆ ತಾವೇ, ಸ್ವಾಮಿ. ಬೇಟೆಗೆ ಹೊರಡೋ ಅವಸರದಲ್ಲಿ ಮುಚ್ಚಲಿಲ್ಲ.”

ಮಹಾರಾಜರು ಕೆಮ್ಮಿದರು. ಸಭೆಗೂ ಕೆಮ್ಮು ಬಂತು.

“ಮೂರನೆಯದು. ಮೊದಲು ಹುಟ್ಟಿದವನೇ ಕಿರಿಯನಾಗಿ ಮನೆ ಸೇರಿದ. ಜಾತಕ ಬರೆದ ಕೈ ಮೋಸಗಾರನದಲ್ಲ. ಹೇಗೆ?”

“ಇದಕ್ಕೆ ಉತ್ತರವೇ ಇಲ್ಲ. ಕತ್ತಿ ತರಿಸಿ, ಪ್ರಭು” ಎಂದರು ದಿವಾನರು.

ಜವರ ಗೋಡೆಯ ಗಡಿಯಾರ ನೋಡಿದ. ಎಂಟೂ ಇಪ್ಪತ್ತು. “ದಿವಾನರ ಕಚೇರಿ ಇರೋ ಪೂರ್ವ ದಿಕ್ಕಿನ ಕೋಟೆಯ ಕಂಪ್ಯೂಟರು ಈಗ ಎಷ್ಟು ಗಂಟೆ ತೋರಿಸ್ತಿದೆ ಅಂತ ಇಲ್ಲಿನ ಪರದೆ ಮೇಲೆ ತರಿಸಿ, ಸ್ವಾಮಿ.”

ತರಿಸಿದರು. ಒಂಬತ್ತೂ ಐವತ್ತು.

“ಅದರಲ್ಲೇನಿದೆ?” ದಿವಾನರು ಎದ್ದೇ ನಿಂತರು. “ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ನನ್ನ ಕಚೇರಿಯ ಕಡತಕ್ಕೆ ಆ ವೇಳೆ ಬೀಳಬಾರದೆಂದು ದಿನಾ ರಾಹುಕಾಲ ಹಿಡಿದೊಡನೆ ಗಡಿಯಾರ ಒಂದೂವರೆ ಗಂಟೆ ಮುಂದಕ್ಕಿಡಿಸುತ್ತೇನೆ. ಮುಗಿದ ಮೇಲೆ ಸರಿಮಾಡಿಸುತ್ತೇನಲ್ಲ!”

“ಗಡಿಯಾರ ಸರಿಹೋಗುತ್ತೆ, ಬುದ್ಧಿ. ಕಡತದ ಮೇಲೆ ಬಿದ್ದ ಸಮಯ ಹಾಗೇ ಉಳಿಯುತ್ತೆ” ಎಂದ ಜವರ. “ಇಂಥ ಸೋಮವಾರ ಎಂಟಕ್ಕೆ ನಿಮ್ಮ ಗುಮಾಸ್ತರು ನಮ್ಮ ಹೆಸರಿಲ್ಲದ ಹಳೇ ಪಟ್ಟಿ ಉಳಿಸ್ತಾರೆ, ಅದಕ್ಕೆ ಒಂಬತ್ತೂವರೆ ಅಂತ ಬೀಳುತ್ತೆ. ಒಂಬತ್ತಕ್ಕೆ ಅಮ್ಮಾವ್ರು ನಮ್ಮ ಹೆಸರು ಸೇರಿಸ್ತಾರೆ. ಒಂಬತ್ತೂವರೆಯದೇ ಹೊಸದು ಅಂದುಕೊಂಡು ಸರ್ವರ್ ಅಮ್ಮಾವ್ರದ್ದನ್ನ ತೆಗೆದುಹಾಕುತ್ತೆ. ಮೊದಲು ಹುಟ್ಟಿದೋನು ಕಿರಿಯನಾಗೋದು ಹೀಗೇ.”

ನಾನು ತೆಗೆದಿಟ್ಟ ಪ್ರತಿಗಳನ್ನು ತೆರೆದು ನೋಡಿದರು. ಹನ್ನೊಂದೂ ಸಲ ಲೆಕ್ಕ ತಾಳೆಯಾಯಿತು. ಜವರ ಮೂರು ಕೋಟೆಗಳ ಗಡಿಯಾರಗಳನ್ನೂ ಸರ್ವರಿನ ಗಡಿಯಾರಕ್ಕೆ ಕಟ್ಟಿಹಾಕಿ, ಯಾರೂ ಕೈಯಿಂದ ತಿರುಗಿಸದಂತೆ ಮಾಡಿದ. ನಲವತ್ತೊಂದು ಹೆಸರುಗಳನ್ನು ಮತ್ತೆ ಸೇರಿಸಿದೆ. ಮರುದಿನ ಸಭೆ ಸೇರಿಸಿ, ನನ್ನನ್ನು ಮತ್ತೆ ಕಟಕಟೆಗೆ ಹತ್ತಿಸಿ ಪಟ್ಟಿ ನೋಡಿದರು; ಆಗಲೂ ಅವು ಅಲ್ಲೇ ಇದ್ದವು.

ಸರ್ವರ್ ಕೋಣೆಯ ಬೀಗದಕೈ ಜವರನ ಸೊಂಟಕ್ಕೆ ಬಂತು. ಮೊದಲ ಕೋರಿಕೆಯಾಗಿ ಅವನು ಪಂಡಿತರಿಬ್ಬರ ತಲೆ ಉಳಿಸಿದ. ಆಮೇಲೆ ಮಹಾರಾಜರು ನನ್ನತ್ತ ನೋಡಿ ಮುಗುಳ್ನಕ್ಕರು.

“ಅಮ್ಮಣ್ಣಿಯವರೇ, ನಿಮ್ಮನ್ನು ಕ್ಷಮಿಸಿದ್ದೇವೆ. ಮನೆಗೆ ಹೋಗಬಹುದು.”

ನಾನು ಕಟಕಟೆಯಿಂದ ಇಳಿಯಲಿಲ್ಲ.

“ತಪ್ಪು ಮಾಡಿದವರನ್ನು ಕ್ಷಮಿಸಿ, ಮಹಾಸ್ವಾಮಿ. ನಾನು ಮಾಡಿಲ್ಲ. ನನ್ನ ಹೆಸರನ್ನು ಬೀದಿಯಲ್ಲಿ ಕೂಗಿಸಿದ್ದೀರಿ. ಕುಂಬಾರಗೇರಿಯ ಹೆಂಗಸರು ಗಂಟುಮೂಟೆ ಕಟ್ಟಿ ಕೂತಿದ್ದರು. ಡಂಗುರದವನನ್ನು ಮತ್ತೆ ಕರೆಸಿ. ಅದೇ ಬೀದಿಗಳಲ್ಲಿ, ಅಷ್ಟೇ ಗಟ್ಟಿಯಾಗಿ, ತಾವೂ ದಿವಾನರೂ ನನ್ನಲ್ಲಿ ಮತ್ತು ಆ ನಲವತ್ತೊಂದು ಮನೆಗಳಲ್ಲಿ ಕ್ಷಮೆ ಕೇಳಬೇಕು. ಅಲ್ಲಿಯವರೆಗೆ ನಾನು ಇಲ್ಲೇ ನಿಂತಿರುತ್ತೇನೆ.”