ಹೌದು ಎಂದವರು ಯಾರು

"ಗುರುಗಳೇ, ದಿನಾ ಮಾಡುವ ಕೆಲಸಕ್ಕೆ ಮನಸ್ಸು ಯಾಕೆ ಬೇಕು? ಅಭ್ಯಾಸವಾದ ಮೇಲೆ ಅದು ತಾನಾಗಿಯೇ ನಡೆಯುತ್ತದಲ್ಲ?"

ಕೇಳಿದವನು ದಿನಾ ಬೆಳಿಗ್ಗೆ ಗುರುಗಳಿಗೆ ನೀರು ಕಾಯಿಸಿಕೊಟ್ಟು, ಅವರ ಮಂಡಿನೋವು ವಿಚಾರಿಸಿ, ಆಮೇಲೆ ತನ್ನ ಓದಿಗೆ ಕೂರುವ ಶಿಷ್ಯ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗುಮಾಸ್ತನಿದ್ದ. ಪಟ್ಟಣದ ಕಚೇರಿಯಲ್ಲಿ ಕೂತು, ಹತ್ತು ಹರಿದಾರಿ ಆಚೆಯ ಕಾಲುವೆಗೆ ನೀರು ಬಿಡುವುದು ಅವನ ಕೆಲಸ. ತೂಬಿನ ಮನೆಯ ಕಂಪ್ಯೂಟರಿನಲ್ಲಿ ಕಾಣುವುದೆಲ್ಲ ಇವನ ಪರದೆಯ ಮೇಲೂ ಕಾಣುತ್ತಿತ್ತು. ಇವನು ಇಲ್ಲಿ ಒತ್ತಿದರೆ ಅಲ್ಲಿ ಒತ್ತಿದಂತೆ. ತೂಬು ಕಾಯುವ ನೀರುಗಂಟಿ ಕಾಲುವೆ ನೋಡಿ ಬಂದು ಪ್ರಶ್ನೆ ಕಳಿಸುತ್ತಿದ್ದ. ಪರದೆಯ ಮೇಲೆ ಚೌಕ ಮೂಡುತ್ತಿತ್ತು: 'ಕಾಲುವೆ ಖಾಲಿಯಿದೆ. ನೀರು ಬಿಡಬೇಕೇ?' ಗುಮಾಸ್ತ 'ಹೌದು' ಒತ್ತುತ್ತಿದ್ದ. ದಿನಕ್ಕೆ ಏಳೆಂಟು ಸಲ ಇದೇ ಆಗುತ್ತಿತ್ತು.

ಅವನು ಸೋಮಾರಿಯೇನಲ್ಲ, ಬುದ್ಧಿವಂತ. ತೊಂದರೆ ಬಂದದ್ದೇ ಅದರಿಂದ. ಚೌಕ ಮೂಡಿದ ಕೂಡಲೇ ಅದೇ ಜಾಗದಲ್ಲಿ ತಾನಾಗಿ ಒತ್ತುವ ಪುಟ್ಟ ಪ್ರೋಗ್ರಾಂ ಬರೆದಿಟ್ಟ. ಅದಕ್ಕೆ ಅಕ್ಷರ ಬಾರದು, ಜಾಗ ಮಾತ್ರ ಗೊತ್ತು. ಎರಡು ವರ್ಷ ಒಂದು ತಪ್ಪೂ ಆಗಲಿಲ್ಲ. ಮೇಲಿನವರು ಬೆನ್ನು ತಟ್ಟಿದರು, ಇವನೂ ಬೀಗಿದ.

ಒಂದು ದಿನ ಹೆಂಗಸರು ಕಾಲುವೆಗಿಳಿದು ಜೊಂಡು ಕೀಳುತ್ತಿದ್ದರು. ನೀರು ಬಿಡುವ ಹೊತ್ತಾಗಿತ್ತು, ತಾನಾಗಿ ತಡೆಯುವ ಅಧಿಕಾರ ನೀರುಗಂಟಿಗಿರಲಿಲ್ಲ. 'ಕಾಲುವೆಯಲ್ಲಿ ಜನರಿದ್ದಾರೆ. ಆದರೂ ಬಿಡಬೇಕೇ?' ಎಂದು ಕಳಿಸಿದ. ಚೌಕ ಅದೇ ಜಾಗದಲ್ಲಿ ಮೂಡಿತು. ರೆಪ್ಪೆ ಬಡಿಯುವುದರೊಳಗೆ 'ಹೌದು' ಎಂದು ಉತ್ತರ ಹೋಯಿತು. ಗುಮಾಸ್ತ ಆಗ ಕಾಫಿ ಕುಡಿಯುತ್ತಿದ್ದ.

ನೀರುಗಂಟಿ ಕೂಗುತ್ತ ಓಡಿದ. ಎಲ್ಲರೂ ದಡ ಹತ್ತಿದರು. ಅವರ ಜೊತೆಗಿದ್ದ ನೀರುಗಂಟಿಯ ಹೆಂಡತಿ ಮಾತ್ರ ನೀರಿಗೆ ಸಿಕ್ಕಿ, ಕಲ್ಲಿಗೆ ಬಡಿದು ಕಾಲು ಮುರಿದುಕೊಂಡಳು.

ಎರಡು ದಿನ ಬಿಟ್ಟು ಗುಮಾಸ್ತ ಅವರ ಮನೆಗೆ ಹೋದ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದ. ನೀರುಗಂಟಿ ಬೈಯಲಿಲ್ಲ, ಚಾಪೆ ಹಾಸಿ ಕೂರಿಸಿದ.

"ಏನೋ ದೊಡ್ಡ ತುರ್ತು ಇತ್ತೇನೋ ಸ್ವಾಮಿ. ಇಲ್ಲದಿದ್ರೆ, ಜನ ಅವ್ರೆ ಅಂತ ಓದ್ಬುಟ್ಟೂ ನೀವು ನೀರು ಬಿಡ್ತಿದ್ರಾ?"

ಹೌದು, ತುರ್ತಿತ್ತು ಎಂದುಬಿಡಬಹುದಿತ್ತು. ಗುಮಾಸ್ತನಿಗೆ ಒಂದು ಕ್ಷಣ ಆ ಆಸೆಯೂ ಹುಟ್ಟಿತು. ಮೂಲೆಯಲ್ಲಿ ಮಲಗಿದ್ದ ಹೆಂಗಸು ಇವನನ್ನೇ ನೋಡುತ್ತಿದ್ದಳು. ಅವನು ತಲೆಯೆತ್ತಲಾಗದೆ, ತಾನು ಓದಲೇ ಇಲ್ಲ ಎಂದ.

"ಮತ್ತೆ, ಹೌದು ಅಂದೋರು ಯಾರು?" ಎಂದ ನೀರುಗಂಟಿ.

ಕಟುಕ ಎಂದು ಕರೆದಿದ್ದರೂ ಗುಮಾಸ್ತನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಒಬ್ಬ ಮನುಷ್ಯ ಎರಡು ವರ್ಷ ತನ್ನನ್ನು ಕೇಳುತ್ತಲೇ ಇದ್ದ, ತಾನು ಅಲ್ಲಿ ಇರಲೇ ಇಲ್ಲ ಎಂದು ಕುಗ್ಗಿಹೋದ.

ಗುರುಗಳು ಕತೆ ನಿಲ್ಲಿಸಿದರು. ಒಂದೆರಡು ಅಕ್ಷರ ಓದಲು ಅವನಿಗೇನು ಧಾಡಿಯಾಗಿತ್ತು ಎಂದು ಶಿಷ್ಯ ಗುಮಾಸ್ತನನ್ನು ಆಡಿಕೊಂಡ.

ಗುರುಗಳು ಕೇಳಿದರು: "ಇವತ್ತು ಬೆಳಿಗ್ಗೆ ನನ್ನ ಮಂಡಿನೋವು ಹೇಗಿದೆ ಎಂದು ಕೇಳಿದೆಯಲ್ಲ, ನಾನು ಏನು ಹೇಳಿದೆ?"