ಹೆಜ್ಜಾರ್ಲೆಯ ಖಾಲಿ ಚೀಲ

ಚಂಡಮಾರುತ ಬಡಿದಾಗ ದ್ವೀಪದ ಒಂದೇ ಒಂದು ಸಿಹಿನೀರಿನ ಹೊಂಡಕ್ಕೆ ಕಡಲು ನುಗ್ಗಿತ್ತು. ಸುದ್ದಿ ಕೇಳಿದ ಹೆಜ್ಜಾರ್ಲೆ ಆಚೆ ದಡದ ಹೊಳೆಯಿಂದ ಕೊಕ್ಕಿನ ಚೀಲದ ತುಂಬ ನೀರು ತುಂಬಿಕೊಂಡು ದಿನವೂ ಹಾರಿ ಬರತೊಡಗಿತು. ದ್ವೀಪದ ಹಕ್ಕಿಗಳು ಸಾಲುಗಟ್ಟಿ ಕುಡಿದವು, ಹಾಡಿ ಹೊಗಳಿದವು. ಎದುರುಗಾಳಿ ಎದ್ದ ಒಂದು ದಿನ ಅದಕ್ಕೆ ಬರಲಾಗಲಿಲ್ಲ. ಅಂದು ಗೊರವಂಕದ ಮರಿಯೊಂದು ಬಾಯಾರಿ ಸತ್ತಿತು.

ಮರುದಿನ ಹೊಂಡದ ದಂಡೆಯ ಮುದಿ ಏಡಿ, “ಮಹರಾಯ, ಇನ್ನು ನೀರು ತರಬೇಡ” ಎಂದಿತು.

ಹೆಜ್ಜಾರ್ಲೆಗೆ ಸಿಟ್ಟು ಬಂತು. “ರೆಕ್ಕೆ ಬಿದ್ದುಹೋಗುವ ಹಾಗೆ ಹೊತ್ತು ತರುತ್ತಿದ್ದೇನೆ. ಅದು ಬೇಡವಾದರೆ ಏನು ಕುಡಿಯುತ್ತೀರಿ ಅಜ್ಜಿ?”

“ಈ ಹೊಂಡದ್ದೇ. ಉಪ್ಪುನೀರನ್ನು ಮೊಗೆದು ಚೆಲ್ಲಿದರೆ ಅಡಿಯಿಂದ ಸಿಹಿನೀರು ಒಸರುತ್ತದೆ. ನಮ್ಮ ಹಿರಿಯರು ಹಾಗೇ ಮಾಡುತ್ತಿದ್ದರು. ಆದರೆ ಕಡಲು ಇಷ್ಟು ನುಗ್ಗಿದ ಮೇಲೆ ನಮ್ಮ ಪುಟ್ಟ ಕೊಕ್ಕು ಕಾಲುಗಳಿಂದ ಮುಗಿಯುವ ಕೆಲಸವಲ್ಲ ಅದು. ನಿನ್ನ ಚೀಲ ದೊಡ್ಡದು.”

“ಮೊದಲೇ ಯಾಕೆ ಹೇಳಲಿಲ್ಲ?”

“ಏನು ಬೇಕು ಅಂತ ನೀನೆಲ್ಲಿ ಕೇಳಿದೆ? ಬಂದಾಗಲೆಲ್ಲ ನಿನ್ನ ಬಾಯಿ ತುಂಬಿರುತ್ತಿತ್ತು.”

ಹೆಜ್ಜಾರ್ಲೆ ಹೊಂಡಕ್ಕಿಳಿಯಿತು. ಮೊಗೆದು ಚೆಲ್ಲಿತು, ದಣಿವಾರಿಸಿಕೊಂಡು ಮತ್ತೆ ಮೊಗೆಯಿತು. ಹೊಂಡ ಸಿಹಿಯಾಗುವ ತನಕ ಬೆಳಿಗ್ಗೆ ಒಮ್ಮೆ ಮಾತ್ರ ಹೊಳೆಯ ನೀರು ತಂದುಕೊಟ್ಟಿತು. ಹುಣ್ಣಿಮೆಯ ಹೊತ್ತಿಗೆ ಗೊರವಂಕದ ಉಳಿದ ಮರಿಗಳು ಆ ಹೊಂಡದಲ್ಲೇ ಕೊಕ್ಕದ್ದಿ ಕುಡಿದವು.

ಮುಂದೊಮ್ಮೆ ಇನ್ನೊಂದು ದ್ವೀಪಕ್ಕೆ ಚಂಡಮಾರುತ ಬಡಿಯಿತು. ಹೊರಟು ನಿಂತ ಹೆಜ್ಜಾರ್ಲೆಯನ್ನು ಕಂಡು ಅದರ ಬಳಗ ನಕ್ಕಿತು. “ಖಾಲಿ ಚೀಲ ಹೊತ್ತುಕೊಂಡು ಹೋಗ್ತೀಯಾ?”

“ಹೌದು” ಎಂದಿತು ಹೆಜ್ಜಾರ್ಲೆ. “ಹೋದ ಕೂಡಲೇ ಬಾಯಿಬಿಟ್ಟು ಕೇಳಬೇಕಲ್ಲ.”