ಹಾಡು ನಿಲ್ಲಿಸುವ ಅಧಿಕಾರ

ಸಂಗೀತದ ಮೇಷ್ಟ್ರು ಶೇಷಗಿರಿಯವರ ಕಂಪ್ಯೂಟರಿನಲ್ಲಿ ಹಾಡು ನಿಲ್ಲಿಸುವ ಅಧಿಕಾರ ಸೋಮವಾರ ಇಬ್ಬರ ಪಾಲಾಯಿತು. ಹನ್ನೊಂದು ವರ್ಷ ಸುಮ್ಮನೆ ಕೂತಿದ್ದ ಎಫ್8 ಕೀಗೆ ಅದೇ ಮೊದಲ ಕೆಲಸ: ಒಮ್ಮೆ ಒತ್ತಿದರೆ ಹಾಡು ನಿಲ್ಲಬೇಕು, ಮತ್ತೆ ಒತ್ತಿದರೆ ಹೊರಡಬೇಕು. ಎಡಕ್ಕೆ ಎಳೆದರೆ ಅದನ್ನೇ ಮಾಡಬೇಕೆಂದು ಮೌಸಿಗೂ ಹೇಳಿದ್ದರು.

"ನನ್ನ ಮೇಲೆ ನಿಗಾ ಇಡಲು ಬಂದಿರೋ?" ಎಂದಿತು ಕೀ.

"ಮೇಷ್ಟ್ರ ಕೈ ಯಾರ ಮೇಲಿದೆಯೋ ಅವರು ನಿಲ್ಲಿಸುವುದು, ಅಷ್ಟೇ ಸ್ವಾಮಿ," ಎಂದಿತು ಮೌಸ್.

ಇಷ್ಟೊಂದು ವಿನಯ ಕಂಡು ಕೀಗೆ ಅನುಮಾನ ಗಟ್ಟಿಯಾಯಿತು. ಕೆಲಸ ಕೈತಪ್ಪಬಾರದೆಂದು, ಮೌಸ್ ಎಡಕ್ಕೆ ಸರಿದಾಗಲೆಲ್ಲ ತಾನೂ ಅದುಮಿಕೊಂಡಿತು. ಮೌಸ್ ನಿಲ್ಲಿಸಿದ ಹಾಡು ಮರುಕ್ಷಣವೇ ಹೊರಡುತ್ತಿತ್ತು.

"ನೋಡಿದಿರಾ, ನಿಮ್ಮ ಮಾತಿಗೆ ಹಾಡು ನಿಲ್ಲುವುದೇ ಇಲ್ಲ," ಎಂದಿತು ಕೀ.

ಗುರುವಾರ ಮೇಷ್ಟ್ರು ಎರಡೂ ನೇಮಕಗಳನ್ನು ರದ್ದುಮಾಡಿ, ಕೆಲಸವನ್ನು ಸ್ಪೇಸ್‌ಬಾರಿಗೆ ಕೊಟ್ಟರು.